ಪಿಕಲ್ಸ್ ಹಾಡಿದ ಶನಿವಾರ

ಮೆರ್ವಿನ್ ಟಟ್ಲ್‌ನ ಅಕ್ಕ ಯೂನಿಸ್ ಇರುವುದು ನ್ಯೂಜರ್ಸಿಯಲ್ಲಿ. ಅಷ್ಟು ದೂರದಿಂದ ಅವಳು ಫೋನು ಮಾಡುವುದು ಯಾರಾದರೂ ಸತ್ತರೆ ಮಾತ್ರ. ಹಾಗಾಗಿ ಆ ಶನಿವಾರ ಬೆಳಕು ಸರಿಯಾಗಿ ಹರಿಯುವ ಮುಂಚೆಯೇ ಬರ್ಬ್ಯಾಂಕಿನ ಮನೆಯಲ್ಲಿ ಫೋನು ಬಡಿದುಕೊಂಡಾಗ, ಮೆರ್ವಿನ್ ಹಾಸಿಗೆಯಿಂದೆದ್ದು ಯಾವ ಚಿಕ್ಕಪ್ಪ ಹೋದನೋ ಎಂದು ಲೆಕ್ಕ ಹಾಕುತ್ತಲೇ ರಿಸೀವರ್ ಎತ್ತಿದ.

"ಮೆರ್ವಿನ್, ನಾಯಿ ಯಾಕೋ ಹಾಡ್ತಿದೆ?" ಅಂದಳು ಯೂನಿಸ್.

"ಯಾವ ನಾಯಿ?"

"ನಿಂದೇ ನಾಯಿ ಕಣೋ, ಟೀವೀಲಿರೋದು. ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡ್ತಿದಾವೆ. ಆ ಹುಡುಗಿ ಬಾಯಿ ಮುಚ್ಕೊಂಡು ನಿಂತಿದಾಳೆ, ನಾಯಿ ಅವಳ ದನೀಲಿ ಪ್ರೇಮಗೀತೆ ಹಾಡ್ತಿದೆ. ಇದು ಬೇಕೂಂತ ಮಾಡಿದ್ದೋ, ಇಲ್ಲ ನೀನು ಮಾಡಿದ್ದೋ?"

ಮೆರ್ವಿನ್ ರಿಸೀವರ್ ಕೆಳಗಿಟ್ಟ. ಕಾಲ ಕೆಳಗಿನ ನೆಲ ತಣ್ಣಗಿತ್ತು. ಆ ತಣುಪು ಮೆಲ್ಲಗೆ ಮೊಣಕಾಲಿನವರೆಗೆ ಏರಿತು.

ಅವನು ಕೆಲಸಕ್ಕಿದ್ದ ಕಾರ್ಟೂನ್ ಕಂಪನಿ ಆ ವರ್ಷ 'ಲೆಮನ್ ವ್ಯಾನ್' ಎಂಬ ಸರಣಿ ತೆಗೆಯುತ್ತಿತ್ತು. ಹದಿಹರೆಯದ ನಾಲ್ವರ ಪಾಪ್ ತಂಡ, ಅವರದೊಂದು ಹಳದಿ ವ್ಯಾನು. ಊರೂರಿಗೆ ಹೋಗಿ ಹಾಡುವುದು, ಹೋದ ಊರಿನಲ್ಲೆಲ್ಲ ಒಬ್ಬ ಕಳ್ಳನನ್ನು ಹಿಡಿಯುವುದು. ಹಾಡುವವಳು ಟ್ಯಾಮಿ ಲಿನ್. ಅವಳ ಹಿಂದೆ ಡ್ರಮ್ ಪಕ್ಕದಲ್ಲಿ ಪಿಕಲ್ಸ್ ಎಂಬ ಪೊದೆಗೂದಲ ನಾಯಿ ಸುಮ್ಮನೆ ಕೂತಿರಬೇಕು, ಕಳ್ಳ ಬಂದಾಗ ಬೊಗಳಬೇಕು, ಅಷ್ಟೇ. ಶನಿವಾರ ಬೆಳಗ್ಗೆ ಅಪ್ಪ ಅಮ್ಮ ಇನ್ನೂ ಮಲಗಿರುವಾಗ ದೇಶದ ಮಕ್ಕಳೆಲ್ಲ ಪೈಜಾಮದಲ್ಲೇ ಹಾಲು ಹಾಕಿದ ಸೀರಿಯಲ್ ತಿಂಡಿಯ ಬಟ್ಟಲು ಹಿಡಿದು ಇದರ ಮುಂದೆ ಕೂರುತ್ತಿದ್ದವು.

ಕಡಿಮೆ ಖರ್ಚಿನಲ್ಲಿ ಆಗಬೇಕಾದ ಕೆಲಸ ಅದು. ಹಾಡು ಮುಗಿಯುವವರೆಗೆ ಮೈಯೆಲ್ಲ ಒಂದೇ ಚಿತ್ರ. ಬಾಯಿ ಮಾತ್ರ ಬೇರೆ ಬೇರೆ ಪಾರದರ್ಶಕ ಹಾಳೆಗಳ ಮೇಲೆ ಬರೆದಿರುತ್ತಿತ್ತು. 'ಆ' ಅನ್ನುವ ಬಾಯಿ, 'ಊ' ಅನ್ನುವ ಬಾಯಿ, ಮುಚ್ಚಿದ ಬಾಯಿ. ಅವನ್ನು ಹಾಡಿಗೆ ತಕ್ಕ ಹಾಗೆ ಒಂದಾದ ಮೇಲೊಂದು ಜೋಡಿಸಿ ಕ್ಯಾಮೆರಾದವನಿಗೆ ಕೊಡುವುದು ಮೆರ್ವಿನ್‌ನ ಕೆಲಸ. ಕಪಾಟಿನಲ್ಲಿ ಟ್ಯಾಮಿ ಲಿನ್‌ಳ ಬಾಯಿಗಳ ಕಟ್ಟು ಒಂದು ಕಡೆ, ಪಿಕಲ್ಸ್‌ನ ಬಾಯಿಗಳ ಕಟ್ಟು ಅದರ ಪಕ್ಕದಲ್ಲೇ.

ಗುರುವಾರ ಸಂಜೆ ಅವನು ಈ ವಾರದ ಹಾಡಿನ ಬಾಯಿಗಳನ್ನು ಜೋಡಿಸುವಾಗ ರೇಡಿಯೋದಲ್ಲಿ ಬೇಸ್‌ಬಾಲ್ ಬರುತ್ತಿತ್ತು. ಕೊನೆಯ ಆಟ, ಕೊನೆಯ ಚೆಂಡು. ಕಿವಿ ಅಲ್ಲಿತ್ತು, ಕೈ ಕಪಾಟಿನಲ್ಲಿ ತಪ್ಪು ಕಟ್ಟಿನ ಮೇಲಿತ್ತು. ಫಿಲಂ ಆ ರಾತ್ರಿಯೇ ತೊಳೆಸಿಕೊಂಡು, ಪ್ರಸಾರ ಮಾಡುವ ನ್ಯೂಯಾರ್ಕಿನ ಟೀವಿ ಸಂಸ್ಥೆಗೆಂದು ವಿಮಾನ ಹತ್ತಿತು. ಯಾವಾಗಲೂ ಹಾಗೆಯೇ, ಒಮ್ಮೆ ತಿರುಗಿಸಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

"ಯಾರು ಹೋದ್ರು?" ಹಾಸಿಗೆಯಿಂದಲೇ ಕೇಳಿದಳು ಹೆಂಡತಿ ಲೊರೇನ್.

"ನಾನು," ಅಂದ ಮೆರ್ವಿನ್.

ಅವನ ಭಯಕ್ಕೆ ಕಾರಣವಿತ್ತು. ಅವನ ವಿಭಾಗದ ಹಳೇ ಮೇಲ್ವಿಚಾರಕ ನಿವೃತ್ತನಾಗಿದ್ದ. ಆ ಜಾಗಕ್ಕೆ ಯಾರು ಎಂದು ಕಂಪನಿಯ ಯಜಮಾನ ಕ್ರೂಪ್ನಿಕ್ ಸೋಮವಾರ ಹೇಳುವವರಿದ್ದರು. ಎಲ್ಲರಿಗಿಂತ ಹಳಬ ಮೆರ್ವಿನ್. ತನಗೇ ಎಂದು ಬೀದಿಗೆಲ್ಲ ಹೇಳಿಕೊಂಡೂ ಆಗಿತ್ತು. ಇದೇ ಶನಿವಾರ ತನ್ನ ಬಣ್ಣದ ಟೀವಿಯಲ್ಲಿ ಕಂತು ನೋಡಲು ಬೀದಿಯ ಮಕ್ಕಳನ್ನೂ ದೊಡ್ಡವರನ್ನೂ ಕರೆದೂ ಇದ್ದ.

ಇದ್ದುದರಲ್ಲಿ ಒಂದು ಸಮಾಧಾನ. ಪೂರ್ವ ತೀರದಲ್ಲಿ ಒಂಬತ್ತಾದಾಗ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಆರು. ಅಲ್ಲಿ ಬಂದ ಕಾರ್ಯಕ್ರಮ ಇಲ್ಲಿಗೆ ಬರುವುದು ಇಲ್ಲಿ ಒಂಬತ್ತಾದ ಮೇಲೆ. ನ್ಯೂಯಾರ್ಕಿನಲ್ಲಿ ಹೋಗಿದ್ದ ಮಾನ ಬರ್ಬ್ಯಾಂಕಿನಲ್ಲಿ ಇನ್ನೂ ಮೂರು ಗಂಟೆ ಉಳಿದಿತ್ತು.

"ಕ್ರೂಪ್ನಿಕ್‌ಗೆ ಫೋನ್ ಮಾಡು," ಅಂದಳು ಲೊರೇನ್, ಎಲ್ಲ ಕೇಳಿದ ಮೇಲೆ. "ಬೇಸ್‌ಬಾಲ್ ಕೇಳ್ತಾ ಇದ್ದೆ, ತಪ್ಪಾಯ್ತು ಅನ್ನು. ಬಯ್ತಾರೆ, ತಿಂದೇನೂ ಹಾಕಲ್ಲ."

ಮೆರ್ವಿನ್ ಮಾಡಿದ. ಫೋನು ಕುಯ್ ಕುಯ್ ಅಂದಿತು. ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ: ಶನಿವಾರ ತಮ್ಮ ಕಾರ್ಟೂನುಗಳು ಮುಗಿಯುವವರೆಗೆ ಕ್ರೂಪ್ನಿಕ್ ರಿಸೀವರನ್ನು ತೆಗೆದು ಪಕ್ಕಕ್ಕಿಟ್ಟಿರುತ್ತಾರೆ. ಪ್ರಳಯವಾದರೂ ಸುದ್ದಿ ಆಮೇಲೆ ತಲುಪಬೇಕು.

"ಮನೆಗೇ ಹೋಗಿ ಹೇಳ್ತೀನಿ," ಅಂದ ಮೆರ್ವಿನ್.

"ಹೇಳ್ತೀಯ ತಾನೇ?"

"ಹೇಳ್ತೀನಿ ಅಂದ್ನಲ್ಲ."

ಅವನು ಹಾಗೆ ಅಂದದ್ದು ಮನಃಪೂರ್ವಕವಾಗಿಯೇ. ಮನಸ್ಸು ಗೇಟಿನವರೆಗೂ ಹಾಗೇ ಇತ್ತು.

ಸ್ನಾನ, ಗಡ್ಡ, ಧೈರ್ಯ ಮೂರಕ್ಕೂ ಹೊತ್ತು ಹಿಡಿಯಿತು. ಗೇಟಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಮಿಸೆಸ್ ಸ್ಟೆಂಜಲ್ ಎದುರಾದಳು. ತಲೆ ತುಂಬ ಕೂದಲು ಸುರುಳಿ ಮಾಡುವ ಕರ್ಲರುಗಳು, ಕೈಯಲ್ಲಿ ದಾಲ್ಚಿನ್ನಿ ಬನ್ನುಗಳ ತಟ್ಟೆ, ಹಿಂದೆ ಬಾತುಕೋಳಿ ಮರಿಗಳಂತೆ ಸಾಲಾಗಿ ಬೀದಿಯ ಮಕ್ಕಳು.

"ಏನಪ್ಪಾ ಮೆರ್ವಿನ್, ಕರೆದೋನೇ ಹೊರಟುಬಿಟ್ರೆ ಹೆಂಗೆ?"

"ಸ್ವಲ್ಪ ಕೆಲಸ ಬಂತು. ಅಂದ ಹಾಗೆ ನಮ್ಮ ಟೀವಿ ಕೆಟ್ಟಿದೆ, ಮಿಸೆಸ್ ಸ್ಟೆಂಜಲ್. ಮುಂದಿನ ವಾರ ನೋಡೋಣ."

"ಯಾವಾಗ ಕೆಡ್ತು? ನಿನ್ನೆ ರಾತ್ರಿ ನಮ್ಮ ಅಡುಗೆಮನೆ ಕಿಟಕೀಲಿ ನಾನೇ ಕೊನೇವರ್ಗೂ ನೋಡಿದ್ನಲ್ಲ, ಚೆನ್ನಾಗಿ ಬರ್ತಿತ್ತು. ಕೆಟ್ಟಿದ್ರೂ ಯೋಚ್ನೆ ಮಾಡ್ಬೇಡ, ನಮ್ಮೋರ ಕೈಲಿ ನಮ್ಮನೇದು ಹೊರಿಸ್ಕೊಂಡು ಬರ್ತೀನಿ. ನಿನ್ನ ಕೆಲಸ ನೋಡ್ದೆ ಬಿಡ್ತೀವಾ?" ಆಮೇಲೆ ಮಕ್ಕಳ ಕಡೆ ತಿರುಗಿ, "ನೋಡ್ರೋ, ದೊಡ್ಡ ಹುದ್ದೇಗೆ ಹೋಗೋರು ಹಿಂಗಿರ್ತಾರೆ. ಶನಿವಾರಾನೂ ಬಿಡುವಿಲ್ಲ," ಅಂದಳು.

ಮಕ್ಕಳು ಮೆರ್ವಿನ್‌ನನ್ನು ಗೌರವದಿಂದ ನೋಡಿದವು. ಒಂದು ಮಗು ಕೈಯನ್ನೇ ಮುಂದಕ್ಕೆ ಚಾಚಿತು. ಅವನು ಅದರ ಕೈ ಕುಲುಕಿ, ಕಳ್ಳನ ಹಾಗೆ ಕಾರು ಹತ್ತಿದ.

ಕ್ರೂಪ್ನಿಕ್ ಮನೆ ಇದ್ದದ್ದು ಗುಡ್ಡದ ಮಗ್ಗುಲಲ್ಲಿ. ಕುಳ್ಳ ಮನುಷ್ಯ, ದನಿ ಮಾತ್ರ ಆಳೆತ್ತರ. ಮೆರ್ವಿನ್ ಹೋದಾಗ ಅವರು ಪಟ್ಟೆಪಟ್ಟೆ ನಿಲುವಂಗಿ ತೊಟ್ಟು ಮೊಮ್ಮಕ್ಕಳಿಗೆ ಪ್ಯಾನ್‌ಕೇಕ್ ಹೊಯ್ಯುತ್ತಿದ್ದರು. ಮೂಗಿನ ತುದಿಯಲ್ಲಿ ಹಿಟ್ಟು.

"ಸರ್, ಒಂದು ವಿಷಯ ಹೇಳ್ಬೇಕಿತ್ತು..."

"ಗೊತ್ತು ಬಿಡಯ್ಯಾ ಟಟ್ಲ್. ಮೇಲ್ವಿಚಾರಕನ ವಿಷಯ ತಾನೇ? ಸೋಮವಾರದವರೆಗೆ ತಡೆಯೋಕೆ ಆಗ್ಲಿಲ್ಲ ನಿಂಗೆ. ನನ್ನ ಮನಸ್ಸಲ್ಲಿ ಇರೋದು ನೀನೇ. ಇವತ್ತಿನ ಕಂತೊಂದು ಸರಿಯಾಗಿ ಬಂದಿದ್ರೆ ಮುಗೀತು. ಕೂತ್ಕೋ, ಒಟ್ಟಿಗೇ ನೋಡೋಣ. ಪ್ಯಾನ್‌ಕೇಕ್ ತಿಂತೀಯಾ?"

ನಾಲಗೆಯ ತುದಿಗೆ ಬಂದಿದ್ದ ತಪ್ಪೊಪ್ಪಿಗೆ ಹಿಂದಕ್ಕೆ ತಿರುಗಿ ಗಂಟಲಿಳಿಯಿತು. ಅದರ ಮೇಲೆ ಮೆರ್ವಿನ್ ಒಂದು ಪ್ಯಾನ್‌ಕೇಕನ್ನೂ ಇಳಿಸಿದ.

ಟೀವಿ ಇದ್ದ ಕೋಣೆಯಿಂದ ಮೊಮ್ಮಗಳು ಕೂಗಿದಳು: "ಅಜ್ಜಾ, ಮತ್ತೆ ಎಲ್ಲರಿಗೂ ಎರಡೆರಡು ಮೂಗು ಬರ್ತಿದೆ."

"ಈ ಗುಡ್ಡದ್ದೇ ಗೋಳು," ಅಂದರು ಕ್ರೂಪ್ನಿಕ್. "ಆಂಟೆನಾ ಎಷ್ಟು ತಿರುಗಿಸಿದ್ರೂ ಅಷ್ಟೇ."

ಮೆರ್ವಿನ್‌ಗೆ ಮಿಂಚು ಹೊಳೆದಂತಾಯಿತು. ಎರಡು ಮೂಗು ಬರುವ ಟೀವಿಯಲ್ಲಿ ಒಂದೂ ಮೂಗು ಬರದ ಹಾಗೆ ಮಾಡುವುದು ಎಷ್ಟರ ಕೆಲಸ. "ನಾನು ನೋಡ್ಲಾ ಸರ್? ನಂಗೆ ಆಂಟೆನಾ ಕೆಲಸ ಬರುತ್ತೆ," ಅಂದ. ಅವನಿಗೆ ಬರುತ್ತಿರಲಿಲ್ಲ. ಸದ್ಯದ ಕೆಲಸಕ್ಕೆ ಬಾರದಿರುವುದೇ ಅನುಕೂಲ ಅಂದುಕೊಂಡ.

ಏಣಿ ಹಾಕಿ ಮೇಲೆ ಹತ್ತಿದ. ಹೆಂಚು ಜಾರುತ್ತಿತ್ತು. ಬೂಟು ತೆಗೆದು ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ತೆರೆದ ಕೊಳವೆಯೊಳಗಿಟ್ಟು, ಕಾಲುಚೀಲದಲ್ಲೇ ತೆವಳಿಕೊಂಡು ಹೋಗಿ ಆಂಟೆನಾ ಕಂಬವನ್ನು ಅಪ್ಪಿಕೊಂಡ. ಕಣ್ಣು ಮುಚ್ಚಿ ಎಡಕ್ಕೆ ಒಂದು ಸಲ ತಿರುಚಿದ.

"ಭೇಷ್," ಕೆಳಗಿನಿಂದ ಕ್ರೂಪ್ನಿಕ್ ದನಿ ಬಂತು. "ಒಂದೇ ಮೂಗು ಬಂತು."

ಮೆರ್ವಿನ್ ಗಾಬರಿಯಾಗಿ ಬಲಕ್ಕೆ ತಿರುಚಿದ.

"ಇನ್ನೂ ಚೆನ್ನಾಗ್ ಬಂತು. ಬಣ್ಣ ನೋಡ್ರೋ, ಮಕ್ಕಳಾ, ಬಣ್ಣ."

ಅವನು ಕಂಬವನ್ನು ಬಗ್ಗಿಸಿದ. ಒಂದು ಕಡ್ಡಿಯನ್ನು ಮುರಿದೇ ಮುರಿದ. ಮುರಿದ ಕಡ್ಡಿಯನ್ನು ಜೇಬಿಗೆ ತುರುಕಿದ. ಕೆಳಗಿನಿಂದ ಚಪ್ಪಾಳೆ ಕೇಳಿಸಿತು.

"ಟಟ್ಲ್, ಈ ಮನೆಗೆ ಬಂದಾಗಿಂದ ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ. ಸಾಕು, ಇನ್ನು ಮುಟ್ಬೇಡ. ಕಂತು ಶುರುವಾಯ್ತು, ಇಳಿದು ಬಾ."

ಮೆರ್ವಿನ್ ಇಳಿಯಲಿಲ್ಲ. ಕಂಬವನ್ನು ತಬ್ಬಿಕೊಂಡು, ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಅಲ್ಲೇ ಇದ್ದ. ಕಳ್ಳ ಬಂದ, ಪಿಕಲ್ಸ್ ಬೊಗಳಿತು, ಕಳ್ಳ ಸಿಕ್ಕಿಬಿದ್ದ. ಆಮೇಲೆ ಗಿಟಾರ್ ಶುರುವಾಯಿತು. ಚಿಮಣಿಯೊಳಗಿಂದ ಹೆಣ್ಣುದನಿಯ ಹಾಡು ಸಣ್ಣಗೆ ಮೇಲೆ ಬಂತು: ಭಾನುವಾರ ಬರುವೆಯಂದೆ, ಬಾಗಿಲಲ್ಲೇ ಕಾದು ನಿಂತೆ... ಆಮೇಲೆ ಮಕ್ಕಳು ಕಿರುಚಿಕೊಂಡು ನಗುವ ಸದ್ದು. ಅದು ನಿಂತ ಮೇಲೆ, ಇಡೀ ಗುಡ್ಡಕ್ಕೆ ಕೇಳುವ ಹಾಗೆ,

"ಟಟ್ಲ್, ಕೆಳಗೆ ಬಾ."

ಏಣಿಯ ಬುಡದಲ್ಲಿ ಕ್ರೂಪ್ನಿಕ್ ನಿಂತಿದ್ದರು. ಮೂಗಿನ ಮೇಲಿನ ಹಿಟ್ಟು ಒಣಗಿತ್ತು, ಅದರ ಸುತ್ತ ಮುಖ ಮಾತ್ರ ಕೆಂಡದ ಹಾಗಿತ್ತು.

"ನನ್ನ ನಾಯಿ ಹೆಣ್ಣಿನ ದನೀಲಿ ಹಾಡ್ತಿದೆ. ದೇಶಕ್ಕೆಲ್ಲ ತೋರಿಸಿ ಆಗಿದೆ. ಆ ಬಾಯಿಗಳನ್ನ ಜೋಡಿಸಿದೋರು ಯಾರು?"

ಮೆರ್ವಿನ್ ಏಣಿಯ ಮಧ್ಯದಲ್ಲಿದ್ದ. ಮೇಲೆ ಹೋಗುವ ಹಾಗಿಲ್ಲ, ಕೆಳಗೆ ಬರುವ ಹಾಗಿಲ್ಲ. ಅಲ್ಲಿ ನಿಂತವನ ಬಾಯಿಂದ ಒಂದೇ ಮಾತು ಹೊರಬಿತ್ತು.

"ಇಮೋಜೀನ್."

ಇಮೋಜೀನ್ ಪಕ್ಕದ ಮೇಜಿನವಳು. ಅರವತ್ತಕ್ಕೆ ಹತ್ತಿರದ ವಿಧವೆ. ಅದೇ ಕೆಲಸ ಮಾಡುತ್ತಿದ್ದಳು, ಯಾರ ಗೋಜಿಗೂ ಹೋಗುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ತನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮೆರ್ವಿನ್‌ಗೆ ಕೊಡುತ್ತಿದ್ದಳು. ಅವಳ ಹೆಸರೇ ಯಾಕೆ ಬಂತು ಎಂದರೆ, ಜಗಳ ಕಾಯದವರ ಹೆಸರು ನಾಲಗೆಗೆ ಹಗುರ.

"ಇಮೋಜೀನಾ," ಅಂದರು ಕ್ರೂಪ್ನಿಕ್. "ಸೋಮವಾರದವರೆಗೆ ಯಾಕೆ? ಈಗಲೇ ಮನೆಗೆ ಕಳಿಸ್ತೀನಿ."

ಅವರು ದಡದಡನೆ ಒಳಗೆ ಹೋದರು. ಮೆರ್ವಿನ್ ಹಿಂದೆಯೇ ಹೋದ. 'ಅವಳಲ್ಲ ಸರ್' ಎನ್ನಲು ಕೋಣೆಯ ಉದ್ದಕ್ಕೂ ಜಾಗವಿತ್ತು. ಅವನು ಅಷ್ಟೂ ದೂರ ಬಾಯಿ ತೆರೆದುಕೊಂಡೇ ನಡೆದ. ಕ್ರೂಪ್ನಿಕ್ ರಿಸೀವರನ್ನು ಫೋನಿನ ಮೇಲಿಟ್ಟು, ಲೈನು ಬರಲೆಂದು ಕ್ಷಣ ಕಾದರು. ಅಷ್ಟರಲ್ಲಿ ಫೋನೇ ಬಡಿದುಕೊಂಡಿತು.

"ನ್ಯೂಯಾರ್ಕಾ? ನೋಡಿ, ಅದು ದೊಡ್ಡ ತಪ್ಪೇ, ಆಯಮ್ಮನ್ನ ಈಗಲೇ ತೆಗಿ..." ಅಂದವರು ರಿಸೀವರನ್ನು ಕಿವಿಗೆ ಒತ್ತಿಕೊಂಡರು. "ಏನು? ... ಎಷ್ಟು ಜನ? ... ಪ್ರತಿ ವಾರಾನಾ? ... ಸೀರಿಯಲ್ ಡಬ್ಬಿ ಮೇಲೆ, ಮಕ್ಕಳು ಕತ್ತರಿಸಿ ಹಾಕ್ಕೊಂಡು ಕೇಳೋ ಹಾಗೆ, ನಾಯಿ ಹಾಡಿನ ರೆಕಾರ್ಡಾ?" ಮುಖದ ಕೆಂಪು ನಿಧಾನವಾಗಿ ಇಳಿದು ಗುಲಾಬಿಯಾಯಿತು. "ಹೌದು ಹೌದು, ಬೇಕೂಂತಲೇ ಮಾಡಿದ್ದು. ನಮ್ಮಲ್ಲಿ ಒಬ್ರು ಇದಾರೆ, ಇಮೋಜೀನ್ ಅಂತ. ಅವರದೇ ಯೋಚನೆ. ಸುಮ್ಮನಿರ್ತಾರೆ, ಭಾಳ ಬುದ್ಧಿವಂತೆ. ಬೆಳಗ್ಗೆಯಿಂದ ಸಿಗಲಿಲ್ವಾ? ಏನ್ ಮಾಡೋದು, ಈ ಫೋನಿನೋರದು ಯಾವಾಗ್ಲೂ ಇಷ್ಟೇ."

ಫೋನಿಟ್ಟು, ಮೆರ್ವಿನ್‌ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

"ಪೂರ್ವದ ಕಡೆ ಮಕ್ಕಳು ಹುಚ್ಚೆದ್ದುಹೋಗಿದಾರಂತೆ ಕಣಯ್ಯಾ. ಸ್ಟೇಷನ್ನುಗಳಿಗೆ ಒಂದೇ ಸಮ ಫೋನು. ಇನ್ಮೇಲೆ ಪ್ರತಿ ವಾರ ನಾಯೀನೇ ಹಾಡ್ಬೇಕಂತೆ. ಮೇಲ್ವಿಚಾರಕಿ ಕೆಲಸ ಅವಳದೇ, ಅನುಮಾನವೇ ಇಲ್ಲ. ನಿಂಗೆ ಬೇಜಾರಾಗುತ್ತೆ, ಗೊತ್ತು. ಆದ್ರೂ ನೀನು ನಿಜಾನೇ ಹೇಳ್ದೆ. ಬೇರೆಯವನಾಗಿದ್ರೆ 'ನಾನೇ ಮಾಡಿದ್ದು ಸರ್' ಅಂತಿದ್ದ."

"ಸರ್," ಅಂದ ಮೆರ್ವಿನ್. "ಅದು... ನಾನೇ ಮಾಡಿದ್ದು ಸರ್."

ಮೊಮ್ಮಗಳು ಪ್ಯಾನ್‌ಕೇಕ್ ಅಗಿಯುವುದನ್ನು ನಿಲ್ಲಿಸಿ ನೋಡಿದಳು.

ಕ್ರೂಪ್ನಿಕ್ ಅವನ ಭುಜದ ಮೇಲಿದ್ದ ಕೈಗಳನ್ನು ಮೆಲ್ಲಗೆ ತೆಗೆದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈಗ ತಾನೇ ಏಣಿ ಮೇಲೆ ನಿಂತು ಅವಳು ಅಂದೆ. ಮೆಚ್ಚಿಗೆ ಬಂದ ತಕ್ಷಣ ನೀನು ಅಂತೀಯ. ಆ ಹೆಂಗಸು ನಿಂಗೆ ತನ್ನ ಊಟದಲ್ಲಿ ಅರ್ಧ ಕೊಡ್ತಾಳೆ ಅಂತ ಕೇಳಿದೀನಿ. ಅವಳ ತಟ್ಟೆಗೇ ಕೈ ಹಾಕ್ತೀಯಲ್ಲ ಟಟ್ಲ್, ನಾಚಿಕೆ ಆಗಲ್ವಾ?"

ನಾಚಿಕೆಯೇನೋ ಆಗುತ್ತಿತ್ತು. ಆದರೆ ಅವರು ಹೇಳಿದ ಕಾರಣಕ್ಕಲ್ಲ. ಅವರಿಗೆ ಗೊತ್ತಿಲ್ಲದ ಕಾರಣ ಅದಕ್ಕಿಂತ ದೊಡ್ಡದಿತ್ತು, ಅದನ್ನು ಹೇಳುವ ಹಾಗಿರಲಿಲ್ಲ.

"ಹೋಗು. ಈ ಮಾತು ನಾನು ಕೇಳ್ಲೇ ಇಲ್ಲ ಅಂದ್ಕೋತೀನಿ. ಯಾರಿಗೂ ಹೇಳೋದಿಲ್ಲ," ಅಂದರು ಕ್ರೂಪ್ನಿಕ್. ಬಾಗಿಲವರೆಗೆ ಬಂದು, "ಆಂಟೆನಾಗೆ ಮಾತ್ರ ಥ್ಯಾಂಕ್ಸ್," ಅಂತಲೂ ಸೇರಿಸಿದರು.

ಬೂಟು ಕೊಳವೆಯಲ್ಲೇ ಉಳಿಯಿತು. ಕೇಳಲು ಮುಖವಿರಲಿಲ್ಲ. ಮೆರ್ವಿನ್ ಕಾಲುಚೀಲದಲ್ಲೇ ಕಾರು ಓಡಿಸುತ್ತ, ದಾರಿಯಲ್ಲಿ ಸಿಕ್ಕ ಪಾರ್ಕಿನ ಪಕ್ಕ ನಿಲ್ಲಿಸಿ, ಊಟದ ಹೊತ್ತು ಕಳೆಯುವವರೆಗೂ ಅಲ್ಲೇ ಕೂತ. ಇಮೋಜೀನ್‌ಳ ಕೆಲಸ ಹೋಗಲಿಲ್ಲವಲ್ಲ ಎಂದು ಒಮ್ಮೆ ಸಮಾಧಾನ ಪಟ್ಟ. ಅದು ಉಳಿದದ್ದು ತನ್ನಿಂದಲ್ಲ, ಫೋನಿನಿಂದ ಎಂದು ನೆನಪಾಗಿ ಆ ಸಮಾಧಾನವೂ ಹೋಯಿತು. ಈಗ ಮನೆಗೆ ಹೋಗುವುದು, ಮೇಲ್ವಿಚಾರಕನ ಹುದ್ದೆ ಸಿಗಲಿಲ್ಲ ಎನ್ನುವುದು, ಒಂದು ವಾರ ಬೀದಿಯವರ ಬಾಯಿಗೆ ಆಹಾರವಾಗುವುದು. ತಡೆದುಕೊಂಡರಾಯಿತು ಎಂದು ಗಟ್ಟಿ ಮನಸ್ಸು ಮಾಡಿ ಹೊರಟ.

ಮನೆ ತುಂಬ ಜನ. ಅವನು ಕಾಲಿಟ್ಟದ್ದೇ ತಡ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಧ್ಯದ ಸೋಫಾದ ಮೇಲೆ ಮಡಿಲಲ್ಲಿ ಸೇಬಿನ ಪೈ ಇಟ್ಟುಕೊಂಡು ಇಮೋಜೀನ್ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಕ್ರೂಪ್ನಿಕ್ ಫೋನ್ ಮಾಡಿದ್ರು," ಅಂದಳು ಅವಳು. "ನನ್ನ ಹೆಸರು ಹೇಳಿದ್ದು ನೀನೇ ಅಂತೆ. ಮೆರ್ವಿನ್, ನಂಗೆ ಗೊತ್ತು. ಆ ಹಾಡು ಬಂದಿದ್ದು ನಿನ್ನ ಮೇಜಿಗೆ. ನಂಗೆ ಕೊಟ್ಟಿದ್ದು ವ್ಯಾನು ಓಡೋ ಭಾಗ. ನಾಯಿ ಕೈಲಿ ಹಾಡಿಸ್ಬೇಕು ಅಂತ ನಿಂಗೆ ಹೊಳೀತು, ಅದನ್ನ ನನ್ನ ಹೆಸರಿಗೆ ಕೊಟ್ಬಿಟ್ಟೆ. ಆ ಕಂಪನೀಲಿ ಇಷ್ಟು ವರ್ಷದಲ್ಲಿ ಯಾರೂ ನಂಗೆ ಒಂದು ಪೆನ್ಸಿಲ್ ಕೂಡ ಕೊಟ್ಟಿಲ್ಲ."

"ಅಯ್ಯೋ, ಅದೇನೂ ದೊಡ್ಡದಲ್ಲ..." ಅಂದ ಮೆರ್ವಿನ್. ಅವನು ಜನ್ಮದಲ್ಲಿ ಆಡಿದ ಅತಿ ನಿಜವಾದ ಮಾತು ಅದು. ಎಲ್ಲರೂ ಅದನ್ನು ವಿನಯ ಅಂದುಕೊಂಡರು.

"ಮೆರ್ವಿನ್ ಬೂಟೂ ಕೊಟ್ಟು ಬಂದಿದಾನೆ ನೋಡ್ರೋ," ಅಂದಳು ಮಿಸೆಸ್ ಸ್ಟೆಂಜಲ್, ಅವನ ಕಾಲು ನೋಡಿ. "ದಾರೀಲಿ ಯಾವ ಬಡವ ಕಂಡನೋ ಏನೋ."

ಲೊರೇನ್ ಮಾತ್ರ ಬಾಗಿಲಿಗೆ ಒರಗಿ ಸುಮ್ಮನೆ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಆದ್ರೆ ನಂಗೆ ಇದನ್ನ ಇಟ್ಕೊಳ್ಳೋಕೆ ಆಗಲ್ಲ," ಅಂದಳು ಇಮೋಜೀನ್, ಮೂಗೊರೆಸಿಕೊಂಡು. "ಸೋಮವಾರ ಬೆಳಗ್ಗೆ ಎಲ್ಲರ ಮುಂದೆ ಕ್ರೂಪ್ನಿಕ್‌ಗೆ ಹೇಳ್ತೀನಿ. ಜೋಡಿಸಿದ್ದು ಮೆರ್ವಿನ್, ಆ ಕೆಲಸ ಮೆರ್ವಿನ್‌ಗೇ ಸೇರ್ಬೇಕು ಅಂತ. ಆಗ ಅವರಿಗೂ ಗೊತ್ತಾಗುತ್ತೆ ನೀನು ಎಂಥೋನು ಅಂತ."

ಕ್ರೂಪ್ನಿಕ್‌ಗೆ ಗೊತ್ತಾಗುವುದೇನೋ ನಿಜ. ಏಣಿಯ ಮೇಲೆ ಮೆರ್ವಿನ್ 'ಇಮೋಜೀನ್' ಅಂದಾಗ ಇನ್ನೂ ಫೋನು ಬಂದಿರಲಿಲ್ಲ. ಆಗ ಆ ಹೆಸರಿಗೆ ಸಿಗಲಿದ್ದದ್ದು ಮೆಚ್ಚಿಗೆಯಲ್ಲ, ಕತ್ತು ಹಿಡಿದು ದಬ್ಬುವುದು. ಜೋಡಿಸಿದವನು ಮೆರ್ವಿನ್ ಎಂದು ಖಚಿತವಾದ ಕ್ಷಣ ಕ್ರೂಪ್ನಿಕ್‌ಗೆ ಉಳಿದದ್ದೆಲ್ಲ ಹೊಳೆಯುತ್ತದೆ. ಈಗ ಅವರ ಕಣ್ಣಿಗೆ ಅವನು ಬರೀ ಆಸೆಬುರುಕ. ಸೋಮವಾರ ಅದರ ಮೇಲೆ ಹೇಡಿಯೂ ಆಗುತ್ತಾನೆ. ಅದನ್ನು ಇಮೋಜೀನ್‌ಳೇ ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಾಳೆ.

"ಬೇಡ ಇಮೋಜೀನ್," ಅಂದ. ಅವಳ ಮುಂದೆ ಮೊಣಕಾಲೂರಿ ಕೂತುಬಿಟ್ಟ. "ಕೈ ಮುಗಿದು ಕೇಳ್ಕೋತೀನಿ, ಏನೂ ಹೇಳ್ಬೇಡ. ಆ ಕೆಲಸ ನೀನೇ ಮಾಡು. ನಂಗೆ ಬೇಡ. ಕೊಟ್ರೂ ಬೇಡ." ಅವನ ದನಿ ನಿಜಕ್ಕೂ ಒಡೆಯಿತು.

ಯಾರೋ ಬಿಕ್ಕಿದರು. ಇಮೋಜೀನ್ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಪೈ ಅವರಿಬ್ಬರ ಮಧ್ಯೆ ಸಿಕ್ಕಿತು.

"ಹಾಗಾದ್ರೆ ಒಂದು ಮಾತು," ಅಂದಳು ಅವಳು. "ನಾನು ಮೇಲ್ವಿಚಾರಕಿ ಆಗಿರೋವರೆಗೂ ಪಿಕಲ್ಸ್ ಬಾಯಿಗಳನ್ನ ನೀನು ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಪ್ರತಿ ವಾರ. ಅಷ್ಟಾದ್ರೂ ನಿಂಗೆ ಸಲ್ಲಲಿ."

ಮಿಸೆಸ್ ಸ್ಟೆಂಜಲ್ ಏಪ್ರನ್‌ನಿಂದ ಕಣ್ಣೊರೆಸಿಕೊಂಡು ಫೋನಿನ ಹತ್ತಿರ ಹೋಗಿದ್ದಳು. ಅವಳ ದನಿ ಮನೆಗೆಲ್ಲ ಕೇಳುತ್ತಿತ್ತು. "ಪಾದ್ರಿಗಳಾ? ನಾಳೆ ಚರ್ಚಿನ ಪ್ರಸಂಗಕ್ಕೆ ತ್ಯಾಗದ್ದು ಒಳ್ಳೇ ಉದಾಹರಣೆ ಸಿಕ್ತಿಲ್ಲ ಅಂತಿದ್ರಲ್ಲ... ನಮ್ಮ ಪಕ್ಕದ ಮನೇಲೇ ಇದಾನೆ... ಹೂಂ, ಟಟ್ಲ್. ಬರ್ಕೊಳ್ಳಿ, ನಡುವೆ ಎರಡು 'ಟಿ' ಅಕ್ಷರ... ಬರ್ತಾನೆ, ಯಾಕೆ ಬರಲ್ಲ, ನಾನೇ ಕರ್ಕೊಂಡು ಬರ್ತೀನಿ. ಮೊದಲನೇ ಸಾಲಲ್ಲೇ ಕೂರಿಸ್ತೀನಿ, ಎಲ್ಲರಿಗೂ ಕಾಣ್ಲಿ."

ಮೆರ್ವಿನ್ ನೆಲದ ಮೇಲೆಯೇ ಕೂತಿದ್ದ. ಅಂಗಿಯ ತುಂಬ ಸೇಬಿನ ಪೈ. ಲೊರೇನ್ ಒದ್ದೆ ಬಟ್ಟೆ ತಂದು ಪಕ್ಕದಲ್ಲಿ ಕೂತು ಒರೆಸತೊಡಗಿದಳು. ಒರೆಸುತ್ತ ಅವನ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಅಂದಳು:

"ನಾಳೆ ಆ ನೀಲಿ ಕೋಟು ಹಾಕ್ಕೋ. ನಾಚಿಕೇಲಿ ಕೆಂಪಾದ ಮುಖಕ್ಕೆ ಅದೇ ಒಪ್ಪೋದು."